ಮೊಗ್ಗಿನ ಜಡೆ ಮತ್ತು ಹಳೆ ಕಾರಿನ ಎಸಿ

ಮೇ ತಿಂಗಳ ಮೂರನೆಯ ಭಾನುವಾರ ಮಧ್ಯಾಹ್ನ ಎರಡು ಮುಕ್ಕಾಲಿಗೆ, ಸಾಯನ್ ಸರ್ಕಲ್ ಇನ್ನೂ ಸ್ವಲ್ಪ ದೂರವಿರುವಾಗ, ನನ್ನ ಜಡೆಯ ಮೊದಲ ಮೊಗ್ಗು ಅರಳಿತು. ಕಾರು ನಿಂತಿತ್ತು. ಎಸಿ ಓಡುತ್ತಿತ್ತು. ಅದರಿಂದ ಬರುತ್ತಿದ್ದದ್ದು ಬಿಸಿಗಾಳಿ.

ಆಗ ನನಗೆ ಹನ್ನೊಂದು ವರ್ಷ. ಘಾಟ್ಕೋಪರಿಗೆ ಇನ್ನೂ ಮೆಟ್ರೊ ಬಂದಿರದ ದಿನಗಳವು. ನಮ್ಮ ನಾಲ್ಕು ಮಹಡಿಯ ಬಿಲ್ಡಿಂಗಿನಲ್ಲಿ ಎಸಿ ಇದ್ದ ಮನೆ ಒಂದೂ ಇರಲಿಲ್ಲ. ಬೇಸಿಗೆಯಲ್ಲಿ ಎಲ್ಲ ಮನೆಗಳ ಬಾಗಿಲೂ ದಿನವಿಡೀ ತೆರೆದೇ ಇರುತ್ತಿದ್ದವು. ಮೆಟ್ಟಿಲು ಹತ್ತುವಾಗ ಮೊದಲ ಮಹಡಿಯಲ್ಲಿ ಸಾಸಿವೆ ಒಗ್ಗರಣೆ, ಎರಡನೆಯದರಲ್ಲಿ ಹೊಸ ಉಪ್ಪಿನಕಾಯಿ, ಮೂರನೆಯದರಲ್ಲಿ ಒಣಮೀನು ಮೂಗಿಗೆ ಸಿಗುತ್ತಿದ್ದವು. ನಾವು ಮಕ್ಕಳು ಕಾಂಪೌಂಡಿನಲ್ಲಿ ಒಂಟಿಕಾಲಿನ ಲಂಗಡಿ ಆಡಿ, ಉಪ್ಪುಖಾರ ಹಚ್ಚಿದ ಮಾವಿನಕಾಯಿ ಹೋಳು ಚೀಪಿ, ಸುಸ್ತಾದಾಗ ನಮ್ಮ ಕಾರಿನ ಸುತ್ತ ಬಂದು ನಿಲ್ಲುತ್ತಿದ್ದೆವು. ಇಡೀ ಬಿಲ್ಡಿಂಗಿಗೆ ತಣ್ಣನೆ ಗಾಳಿ ಬರುವ ಜಾಗ ಎಂದರೆ ಅದೊಂದೇ. ಅಪ್ಪ ಹೊರಗೆ ಹೊರಟರೆ ಸಾಕು, ಯಾರಾದರೂ ಇಬ್ಬರು ಹುಡುಗಿಯರು ಗೇಟಿನವರೆಗೆ ಹಿಂದಿನ ಸೀಟಿನಲ್ಲಿ ಕೂತು ಬಂದು ಇಳಿದು ಓಡಿಹೋಗುತ್ತಿದ್ದರು. ಆ ಇಪ್ಪತ್ತು ಅಡಿಯ ಪ್ರಯಾಣಕ್ಕೂ ಸರದಿ ಇತ್ತು.

ಕಾರು ನನಗಿಂತ ಒಂದು ವರ್ಷ ದೊಡ್ಡದು. ಅಪ್ಪ ಪರೇಲಿನ ಒಂದು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನೀಷಿಯನ್ ಆಗಿದ್ದ. ಊರು ಬಿಟ್ಟು ಹೋಗುತ್ತಿದ್ದ ಅಲ್ಲಿನ ಡಾಕ್ಟರೊಬ್ಬರಿಂದ ಅದನ್ನು ಕೊಂಡಿದ್ದ. ಬಿಳಿ ಬಣ್ಣ ಹಳದಿಗೆ ತಿರುಗಿತ್ತು. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಬರುವ ಜಾಲರಿಯ ಒಂದು ಪಟ್ಟಿ ಮುರಿದಿತ್ತು. ಅಪ್ಪ ಆ ಕಾರಿಗೊಂದು ನೋಟ್‌ಬುಕ್ ಇಟ್ಟಿದ್ದ. ಯಾವ ದಿನ ಎಲ್ಲಿಗೆ ಹೋದದ್ದು, ಎಷ್ಟು ದೂರ, ಬ್ರೇಕು ಹೇಗಿತ್ತು, ಎಸಿ ಹೇಗಿತ್ತು, ಎಲ್ಲ ಅದರಲ್ಲಿ. ಅಕ್ಷರ ದುಂಡಗಿದೆ ಎಂದು ಬರೆಯುವ ಕೆಲಸ ನನಗೆ ಕೊಟ್ಟಿದ್ದ, ಒಂದೇ ಒಂದು ನಿಯಮದ ಜೊತೆಗೆ.

"ಕಂಡದ್ದು ಬರಿ. ಅಂದ್ಕೊಂಡದ್ದು ಬರೀಬೇಡ."

ಇನ್ನು ಜಡೆಯ ವಿಷಯ. ಒಂಬತ್ತನೆಯ ವಯಸ್ಸಿನಲ್ಲಿ ನನಗೆ ಟೈಫಾಯ್ಡ್ ಆಗಿತ್ತು. ಜ್ವರ ಇಳಿಯದಿದ್ದಾಗ ಅಮ್ಮ ನಂಜನಗೂಡಿಗೆ ಹರಕೆ ಹೊತ್ತಿದ್ದಳು: ಮಗು ಉಳಿದರೆ ಸೊಂಟದವರೆಗೆ ಕೂದಲು ಬೆಳೆಸಿ ಮುಡಿ ಕೊಡುತ್ತೇನೆ ಎಂದು. ಎರಡು ವರ್ಷದಲ್ಲಿ ಕೂದಲು ಸೊಂಟ ಮುಟ್ಟಿತು. ಜೂನ್ ಮೊದಲ ವಾರಕ್ಕೆ ರೈಲಿನ ಟಿಕೆಟ್ ಆಗಿತ್ತು. ಹೋಗುವಾಗ ಇರುವ ಕೂದಲು ಬರುವಾಗ ಇರುವುದಿಲ್ಲ. ಅಷ್ಟರೊಳಗೆ ಒಂದು ಮೊಗ್ಗಿನ ಜಡೆ, ಒಂದು ಫೋಟೋ ಆಗಬೇಕು. ಅಮ್ಮನಿಗೆ ಬೇಕಾಗಿದ್ದದ್ದು ಅದಿಷ್ಟೇ.

ನಮ್ಮ ಹಾಲಿನ ಗೋಡೆಯ ಮೇಲೆ ಅಮ್ಮನ ಮೊಗ್ಗಿನ ಜಡೆಯ ಫೋಟೋ ಇತ್ತು. ಮೈಸೂರಿನ ಸ್ಟುಡಿಯೋ, ಹತ್ತು ವರ್ಷದ ಅಮ್ಮ, ಬೆನ್ನ ಹಿಂದೆ ಆಳೆತ್ತರದ ಕನ್ನಡಿ, ಕನ್ನಡಿಯಲ್ಲಿ ನೆತ್ತಿಯಿಂದ ಸೊಂಟದವರೆಗೆ ಮಲ್ಲಿಗೆ ಮೊಗ್ಗಿನ ಸಾಲು. ನಗು ತಡೆದುಕೊಂಡ ಮುಖ. ಅದರ ಪಕ್ಕದಲ್ಲಿ ಅಪ್ಪನಿಂದ ಇನ್ನೊಂದು ಮೊಳೆ ಹೊಡೆಸಿಯಾಗಿತ್ತು. ಮುಂಬೈಯಲ್ಲಿ ಅಂಥ ಕನ್ನಡಿ ಉಳಿದದ್ದು ನಮಗೆ ತಿಳಿದಂತೆ ದಾದರಿನ ಒಂದು ಹಳೆಯ ಸ್ಟುಡಿಯೋದಲ್ಲಿ ಮಾತ್ರ.

ಹೊಲಿದಿಟ್ಟ ಜಡೆಯನ್ನು ಡಬ್ಬಿಯಲ್ಲಿ ಒಯ್ದು ಅಲ್ಲೇ ಕಟ್ಟಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಪ್ಪನೂ ಕೇಳಿದ್ದ.

"ಅದು ಅಂಗಡಿ ಜಡೆ. ನಮ್ಮಮ್ಮ ನನಗೆ ತಲೆ ಮೇಲೇ ಹೊಲಿದಿದ್ದು. ನಾನೂ ಹಾಗೇ ಹೊಲೀತೀನಿ," ಎಂದಿದ್ದಳು ಅಮ್ಮ.

ತಲೆಯ ಮೇಲೆ ಹೊಲಿಯುವುದೆಂದರೆ ಹೆಣೆದ ಜಡೆಗೇ ಸೂಜಿ ದಾರ ಹಾಕಿ, ಒಂದೊಂದೇ ಮೊಗ್ಗನ್ನು ಕೂರಿಸುತ್ತ ಹೋಗುವುದು. ಮೂರು ತಾಸಿನ ಕೆಲಸ. ಸ್ಟುಡಿಯೋದಲ್ಲಿ ಅಷ್ಟು ಹೊತ್ತು ಕೂರಲು ಜಾಗವಿಲ್ಲ. ಹಾಗಾಗಿ ಜಡೆಯನ್ನು ಘಾಟ್ಕೋಪರಿನಿಂದ ದಾದರಿಗೆ ಒಯ್ಯಬೇಕಾದದ್ದು ನಾನೇ. ಭಾನುವಾರ ಸೆಂಟ್ರಲ್ ಲೈನಿನಲ್ಲಿ ಮೆಗಾ ಬ್ಲಾಕ್. ಹಳಿ ರಿಪೇರಿಗೆಂದು ಹಗಲು ಹೊತ್ತು ಅರ್ಧ ಗಾಡಿಗಳು ಓಡುವುದಿಲ್ಲ. ಉಳಿದ ಲೋಕಲ್ಲುಗಳ ಲೇಡೀಸ್ ಡಬ್ಬಿಗೆ ಮೊಗ್ಗಿನ ಜಡೆ ಹತ್ತಿದರೆ ಇಳಿಯುವಾಗ ನಾರು ಮಾತ್ರ ಇಳಿಯುತ್ತದೆ. ಉಳಿದದ್ದು ಕಾರು. ಅಪ್ಪನಿಗೆ ರಜೆ ಇದ್ದದ್ದು ಭಾನುವಾರವೊಂದೇ.

ಮಲ್ಲಿಗೆ ಮೊಗ್ಗಿಗೆ ಅದರದೇ ಗಡಿಯಾರವಿದೆ. ಬೆಳಗ್ಗೆ ಕೊಂಡದ್ದು ಸಂಜೆ ಅರಳುತ್ತದೆ. ತಂಪಿನಲ್ಲಿಟ್ಟರೆ ತಡೆದುಕೊಳ್ಳುತ್ತದೆ, ಸೆಕೆಯಲ್ಲಿಟ್ಟರೆ ಮಧ್ಯಾಹ್ನವೇ ಬಾಯಿ ಬಿಡುತ್ತದೆ. ಆ ಮೂರನೆಯ ಭಾನುವಾರ ಅದು ಬಾಯಿ ಬಿಟ್ಟಿತು.

"ರೀ, ಇದು ಎಸಿನೋ, ಬಚ್ಚಲ ಒಲೆನೋ?" ಎಂದಳು ಅಮ್ಮ.

"ಹೋದ ತಿಂಗಳು ತಾನೇ ಗ್ಯಾಸು ತುಂಬಿಸಿದ್ದು."

"ಯಾರ ಹೊಟ್ಟೆಗೆ ತುಂಬಿದ್ರೋ."

ದಾದರು ಮುಟ್ಟಿದಾಗ ಸ್ಟುಡಿಯೋದ ಫೋಟೋಗ್ರಾಫರ್ ಅಜ್ಜ, ಮರಾಠಿಯಲ್ಲಿ ಅಜೋಬಾ, ನನ್ನನ್ನು ತಿರುಗಿಸಿ ನೋಡಿ, "ವಹಿನಿ, ಕಳ್ಯಾ ಉಮಲಲ್ಯಾ," ಎಂದರು. ಅತ್ತಿಗೆ, ಮೊಗ್ಗೆಲ್ಲ ಅರಳಿಬಿಟ್ಟಿವೆ ಎಂದು. ಆದರೂ ತೆಗೆಯುತ್ತೇನೆ ಎಂದು ದೀಪ ಹಾಕಲು ಹೋದರು.

"ಬೇಡ," ಎಂದಳು ಅಮ್ಮ. "ಅರಳಿದ್ದಕ್ಕೆ ಮೊಗ್ಗಿನ ಜಡೆ ಅಂತ ಯಾರಂತಾರೆ?"

ಮನೆಗೆ ಬಂದು ದಾರ ಕತ್ತರಿಸಿ ಹೂವೆಲ್ಲ ಬಿಡಿಸಿದಳು. ಆ ಸಂಜೆ ಬಿಲ್ಡಿಂಗಿನ ಎಲ್ಲ ಹೆಂಗಸರ ಮುಡಿಯಲ್ಲೂ ಮಲ್ಲಿಗೆ ಇತ್ತು. ಅಮ್ಮ ಮುಡಿಯಲಿಲ್ಲ. ಗೋಡೆಯ ಮೇಲೆ ಎರಡನೆಯ ಮೊಳೆ ಖಾಲಿ ಇತ್ತು. ಉಳಿದದ್ದು ಒಂದು ಭಾನುವಾರ. ಅದರ ಮುಂದಿನ ಗುರುವಾರ ರೈಲು.

ಸೋಮವಾರ ಸಂಜೆ ಅಪ್ಪ ಲ್ಯಾಬಿನಿಂದ ಒಂದು ಉದ್ದನೆಯ ಥರ್ಮಾಮೀಟರ್ ತಂದ. ನೋಟ್‌ಬುಕ್ಕಿನ ಹೊಸ ಪುಟ ತೆರೆಸಿ, "ವೀಣಾ, ಬರ್ಕೋ," ಎಂದ. ನನ್ನ ಬದುಕಿನ ಅತ್ಯಂತ ಉತ್ಸಾಹದ ವಾರ ಶುರುವಾದದ್ದು ಹಾಗೆ.

ಕಾರಿನ ಮುಂದಿನ ಬಾನೆಟ್ ಎತ್ತಿದ್ದೇ ತಡ, ಲಂಗಡಿ ಆಡುತ್ತಿದ್ದವರೆಲ್ಲ ಅಲ್ಲಿಗೆ ಬಂದರು. ಕೆಳಗಿನ ಮನೆಯ ತಾಂಬೆ ಕಾಕಾ ಬನಿಯನ್ನಿನಲ್ಲೇ ಬಂದು ನಿಂತರು. ಅವರು ಕಪ್ಪು ಹಳದಿ ಬಣ್ಣದ ಕಾಲಿಪೀಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಅದಕ್ಕೆ ಎಸಿ ಇರಲಿಲ್ಲ. ಎಸಿ ಬಗ್ಗೆ ಅಭಿಪ್ರಾಯ ಮಾತ್ರ ಇತ್ತು.

"ಸಾಬ್, ಗಾಡಿ ಬುಡ್ಢಿ ಹೋ ಗಯಿ. ಬುಢಾಪೇ ಮೇ ಗರ್ಮಿ ಜ್ಯಾದಾ ಲಗತೀ ಹೈ."

ಕಾರಿಗೆ ಮುಪ್ಪು, ಮುಪ್ಪಿನಲ್ಲಿ ಸೆಕೆ ಜಾಸ್ತಿ ಎಂಬ ಆ ತಮಾಷೆಗೆ ಅಪ್ಪ ನಗಲಿಲ್ಲ. ಎಸಿ ಹಾಕಿದ. ಇಂಜಿನ್ನಿನ ಮುಂಭಾಗದಿಂದ ಟಕ್ ಎಂದು ಸದ್ದಾಯಿತು, ಇಂಜಿನ್ನಿನ ದನಿ ಸ್ವಲ್ಪ ತಗ್ಗಿತು. "ಟಕ್ ಅಂತು. ಅಂದ್ರೆ ಕಂಪ್ರೆಸರ್ ಹಿಡೀತಾ ಇದೆ. ಬರಿ." ಬರೆದೆ. ನನ್ನ ಕೈಗೆ ಒಂದು ಕಾಗದದ ಚೂರು ಕೊಟ್ಟು ಕಾರಿನ ಮೂತಿಯ ಜಾಲರಿಯ ಹತ್ತಿರ ಹಿಡಿಯಲು ಹೇಳಿದ. ಕಾಗದ ಛಕ್ಕನೆ ಜಾಲರಿಗೆ ಅಂಟಿಕೊಂಡಿತು. ಫ್ಯಾನು ತಿರುಗುತ್ತಿದೆ. ಅದನ್ನೂ ಬರೆದೆ. ಕಾಂಪೌಂಡಿನ ಗಾಳಿ ಮೂವತ್ತಮೂರು ಡಿಗ್ರಿ, ಎಸಿ ಗಾಳಿ ಮೂವತ್ತಾರು. ಬಿಲ್ಡಿಂಗಿನ ಮಕ್ಕಳು ಒಬ್ಬೊಬ್ಬರಾಗಿ ಬಂದು ಥರ್ಮಾಮೀಟರಿನೊಳಗೆ ಇಣುಕಿ, ತಮಗೆ ತಿಳಿಯಿತೆಂಬಂತೆ ತಲೆ ಆಡಿಸಿ ಹೋದರು.

ಮಂಗಳವಾರ ಸೋಪಿನ ನೀರಿನ ಪರೀಕ್ಷೆ. ಗ್ಯಾಸು ಸೋರುತ್ತಿದ್ದರೆ ಪೈಪುಗಳ ಕೀಲಿನಲ್ಲಿ ನೊರೆಗುಳ್ಳೆ ಏಳುತ್ತದೆ. ಅಪ್ಪನ ಹಳೆಯ ಶೇವಿಂಗ್ ಬ್ರಷ್ಷಿನಿಂದ ಪ್ರತಿ ಕೀಲಿಗೂ ನೊರೆ ಹಚ್ಚುವ ಕೆಲಸ ನನ್ನದು. ಹದಿನಾಲ್ಕು ಜಾಗಕ್ಕೆ ಹಚ್ಚಿ ಕಣ್ಣು ಮಿಟುಕಿಸದೆ ಕೂತೆ. ಒಂದೂ ಗುಳ್ಳೆ ಏಳಲಿಲ್ಲ.

"ದಾಢಿ ಕರ್ ರಹೇ ಹೋ ಗಾಡೀ ಕೀ?" ಎಂದರು ತಾಂಬೆ ಕಾಕಾ, ಕಾರಿಗೆ ಗಡ್ಡ ಬೋಳಿಸುತ್ತಿದ್ದೀರಾ ಎಂದು.

ಬುಧವಾರ ಅಪ್ಪನಿಗೆ ಡ್ಯೂಟಿ ಮುಗಿಯುವುದೇ ತಡವಾಯಿತು. ಗುರುವಾರ ಫ್ಯೂಸುಗಳನ್ನೆಲ್ಲ ತೆಗೆದು ಬೆಳಕಿಗೆ ಹಿಡಿದು ನೋಡಿದೆವು. ಎಲ್ಲ ಸರಿ ಇದ್ದವು. ಪುಟ ತುಂಬ 'ಸರಿ ಇದೆ', 'ಸರಿ ಇದೆ' ಎಂದೇ ಬರೆದೆ. ಎಲ್ಲವೂ ಸರಿ ಇದ್ದ ಕಾರು ಬಿಸಿಗಾಳಿ ಊದುತ್ತಲೇ ಇತ್ತು. ಮೇಲೆ ಅಮ್ಮ ಕಿಟಕಿಗೆ ಬಂದು ನಿಂತು ನೋಡಿ ಒಳಗೆ ಹೋದಳು.

ಶುಕ್ರವಾರ ಎಸಿ ಹಾಕಿ ಹತ್ತು ನಿಮಿಷವಾಗಿರಬಹುದು. ಬಿಲ್ಡಿಂಗಿನ ಕಂದು ಬೆಕ್ಕು ಬಾಲವೆತ್ತಿಕೊಂಡು ಕಾರಿನ ಕೆಳಗೆ ಹೋಯಿತು, ಹೊರಗೆ ಬರಲಿಲ್ಲ. ಬಗ್ಗಿ ನೋಡಿದೆ. ನೆಲದ ಮೇಲೆ ಅಂಗೈಯಗಲ ನೀರು ನಿಂತಿತ್ತು. ಬೆಕ್ಕು ಅದನ್ನು ನೆಕ್ಕುತ್ತಿತ್ತು. ಮೇಲಿನಿಂದ ಇನ್ನೂ ತೊಟ್ಟಿಕ್ಕುತ್ತಿತ್ತು. ಹೊಟ್ಟೆಯ ಮೇಲೆ ಮಲಗಿ ತೆವಳಿಕೊಂಡು ಹೋಗಿ, ತೊಟ್ಟಿಕ್ಕುವ ಕೊಳವೆಯ ಬಾಯಿಗೆ ಬೆರಳಿಟ್ಟೆ.

"ಅಪ್ಪ, ಕೆಳಗೆ ಪಾನಿ ಬೀಳ್ತಾ ಇದೆ. ಥಂಡಾ ಇದೆ."

"ಮುಟ್ಟಿದ್ಯಾ, ಅಂದ್ಕೊಂಡ್ಯಾ?"

"ಮುಟ್ಟಿದೆ. ಮಣ್ಣಿನ ಮಟ್ಕಾ ನೀರಿನ ಥರ ಇದೆ."

ಅಪ್ಪ ಬಾನೆಟ್ಟಿನೊಳಗೆ ಕೈ ಹಾಕಿ ಕಾರಿನೊಳಕ್ಕೆ ಹೋಗುವ ದಪ್ಪ ಪೈಪನ್ನು ಹಿಡಿದ. ನನ್ನ ಕೈಯನ್ನೂ ಅದರ ಮೇಲೆ ಇಟ್ಟ. ಪೈಪು ಬೆವತಿತ್ತು, ಫ್ರಿಜ್ಜಿನಿಂದ ತೆಗೆದ ಬಾಟಲಿಯ ಹಾಗೆ.

"ತಣ್ಣಗೆ ಆಗ್ತಿದೆ ಕಣೆ. ಗ್ಯಾಸೂ ಇದೆ, ಎಲ್ಲಾನೂ ಇದೆ. ಆಗಿದ್ದು ಒಳಗೆ ಬರೋ ಹೊತ್ತಿಗೆ ಬಿಸಿ ಆಗ್ತಿದೆ." ಆ ವಾರದಲ್ಲಿ ಮೊದಲ ಸಲ ಅಪ್ಪನ ದನಿ ಏರಿತ್ತು. ನನ್ನ ಅಂಗಿಯೆಲ್ಲ ಗ್ರೀಸು. ನಾನು ಕಾಂಪೌಂಡಿನ ತುಂಬ ಓಡಿ ಎಲ್ಲರಿಗೂ ನೀರಿನ ಸುದ್ದಿ ಹೇಳಿದೆ. ಎಲ್ಲರೂ ಸಾಲಾಗಿ ಬಂದು ಬಗ್ಗಿ ಬೆರಳಿಟ್ಟು ಹೋದರು. ಬೆಕ್ಕಿಗೆ ಸಿಟ್ಟು ಬಂತು.

ಶನಿವಾರ ಸಂಜೆ ತಾಂಬೆ ಕಾಕಾ ಕೇಳಿದರು, "ಹೀಟರ್ ಬಂದ್ ಹೈ ಕ್ಯಾ?"

"ಮುಂಬೈ ಮೇ ಹೀಟರ್ ಕೌನ್ ಲಗಾತಾ ಹೈ?" ಎಂದ ಅಪ್ಪ.

"ಇಸೀಲಿಯೇ ಪೂಛಾ." ಅದಕ್ಕೇ ಕೇಳಿದ್ದು ಎಂದರು ಕಾಕಾ: ಮುಂಬೈಯಲ್ಲಿ ಹೀಟರು ಯಾರಿಗೂ ಬೇಡ, ಅದು ಮುಚ್ಚಿದೆಯೇ ಎಂದು ಯಾರೂ ನೋಡುವುದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಎಸಿ ಗುಂಡಿಯ ಕೆಳಗೆ ಒಂದು ಕಡ್ಡಿ ಇತ್ತು. ಒಂದು ತುದಿಯಲ್ಲಿ ನೀಲಿ ಚುಕ್ಕೆ, ಇನ್ನೊಂದರಲ್ಲಿ ಕೆಂಪು. ಅದನ್ನು ಯಾರೂ ಮುಟ್ಟುತ್ತಿರಲಿಲ್ಲ, ಹಾಗಾಗಿ ಯಾರೂ ನೋಡಿಯೂ ಇರಲಿಲ್ಲ. ಈಗ ನೋಡಿದರೆ ಕಡ್ಡಿ ನೀಲಿ ಚುಕ್ಕೆಯಿಂದ ಎರಡು ಬೆರಳು ಹಿಂದೆ ನಿಂತಿತ್ತು. ಅಪ್ಪ ತಳ್ಳಿದ. ಮುಂದೆ ಹೋಗಲಿಲ್ಲ. ಒಳಗೆ ಏನೋ ತಡೆಯುತ್ತಿತ್ತು.

ತಾಂಬೆ ಕಾಕಾ ಕೈಯಾಡಿಸುತ್ತ ವಿವರಿಸಿದರು. ಡ್ಯಾಶ್‌ಬೋರ್ಡಿನ ಹಿಂದೆ ಇಂಜಿನ್ನಿನ ಬಿಸಿನೀರು ಹರಿಯುವ ಸಣ್ಣ ಪೆಟ್ಟಿಗೆ ಇದೆ, ಅದೇ ಹೀಟರು. ಅದರ ಮುಂದೊಂದು ಸಣ್ಣ ಬಾಗಿಲು. ಕಡ್ಡಿ ನೀಲಿಗೆ ಬಂದರೆ ಬಾಗಿಲು ಮುಚ್ಚುತ್ತದೆ, ಗಾಳಿ ತಣ್ಣಗೇ ಒಳಗೆ ಬರುತ್ತದೆ. ಬಾಗಿಲು ಅರೆ ತೆರೆದಿದ್ದರೆ ತಣ್ಣನೆ ಗಾಳಿ ಬಿಸಿ ಪೆಟ್ಟಿಗೆಯನ್ನು ಸವರಿಕೊಂಡು ಬರುತ್ತದೆ.

ಅಪ್ಪ ನೋಟ್‌ಬುಕ್ಕಿನ ಹಳೆಯ ಪುಟ ತಿರುಗಿಸಿದ. ಎಸಿ 'ಚೆನ್ನಾಗಿದೆ' ಎಂದು ಕೊನೆಯ ಸಲ ಬರೆದದ್ದು ಆಯುಧಪೂಜೆಯ ಹಿಂದಿನ ದಿನ. ಆಮೇಲೆ ಚಳಿಗಾಲ, ಎಸಿ ಹಾಕಿರಲೇ ಇಲ್ಲ. ಏಪ್ರಿಲಿನಲ್ಲಿ ಹಾಕಿದಾಗ 'ಬಿಸಿ'.

"ಆಯುಧಪೂಜೆ ದಿನ ಏನಾಯ್ತು?" ಎಂದ ಅಪ್ಪ, ತನ್ನನ್ನು ತಾನೇ ಕೇಳಿಕೊಂಡಂತೆ.

ನನಗೆ ಗೊತ್ತಿತ್ತು. ಆ ದಿನ ಕಾರಿನೊಳಗೆಲ್ಲ ಒದ್ದೆ ಬಟ್ಟೆಯಲ್ಲಿ ಒರೆಸಿದ್ದು ನಾನು. ಪೂಜೆ ಮುಗಿದ ಮೇಲೆ ಇನ್ನೊಮ್ಮೆ ಒರೆಸುವಾಗ ಸಿಕ್ಕ ಗುಂಡಿಯನ್ನೆಲ್ಲ ತಿರುಗಿಸಿದ್ದೆ. ಆ ದಿನ ಬೈಸಿಕೊಂಡೂ ಇದ್ದೆ, ಆದರೆ ಬೇರೆ ಕಾರಣಕ್ಕೆ. ಅಮ್ಮ ಡ್ಯಾಶ್‌ಬೋರ್ಡಿನ ಮೇಲೆ ವೀಳ್ಯದೆಲೆಯಲ್ಲಿ ಎರಡು ಗೋಟಡಿಕೆ ಇಟ್ಟು ಪೂಜೆ ಮಾಡಿದ್ದಳು. ಎತ್ತುವಾಗ ಒಂದೇ ಇತ್ತು. ಗೋಲಿ ಆಡಲು ನಾನೇ ಕದ್ದಿದ್ದೇನೆ ಎಂದು ಕಿವಿ ಹಿಂಡಿದ್ದಳು.

ನೋಟ್‌ಬುಕ್ ನನ್ನ ತೊಡೆಯ ಮೇಲಿತ್ತು. ಬರೆಯದೆ ಇರಬಹುದಿತ್ತು. ಬರೆದೆ: 'ಆಯುಧಪೂಜೆ ದಿನ ನಾನು ಈ ಕಡ್ಡಿಯನ್ನು ಕೆಂಪಿನವರೆಗೆ ತಳ್ಳಿದೆ. ವಾಪಸ್ ತರುವಾಗ ಕಟ್ ಎಂದಿತು. ಯಾರಿಗೂ ಹೇಳಲಿಲ್ಲ.'

ಅಪ್ಪ ಓದಿದ. "ಇದನ್ನ ಏಳು ತಿಂಗಳು ಮೊದಲೇ ಬರೀಬೇಕಿತ್ತು," ಎಂದ. ಕತ್ತಲಾಗಿತ್ತು. ಡ್ಯಾಶ್‌ಬೋರ್ಡ್ ಬಿಚ್ಚುವುದು ಬೆಳಗ್ಗೆಗೆ ಉಳಿಯಿತು.

ಭಾನುವಾರ ಬೆಳಗ್ಗೆ ಐದೂವರೆಗೆ ಅಮ್ಮ, ಅಪ್ಪ ದಾದರಿನ ಹೂವಿನ ಮಾರ್ಕೆಟ್ಟಿಗೆ ಹೋದರು. ಬ್ಲಾಕ್ ಶುರುವಾಗುವ ಮೊದಲೇ ಲೋಕಲ್ಲಿನಲ್ಲಿ ಹೋಗಿ ಬಂದರು. ಒದ್ದೆ ಬಟ್ಟೆಯ ಗಂಟು ಬಿಚ್ಚಿದಾಗ ಮನೆಯ ತುಂಬ ಹಸಿ ಮೊಗ್ಗಿನ ವಾಸನೆ. ಅರಳಿದ ಮಲ್ಲಿಗೆಯ ವಾಸನೆಯಲ್ಲ ಅದು, ಸೌತೆಕಾಯಿ ಸಿಪ್ಪೆಯ ವಾಸನೆಗೆ ಹತ್ತಿರ. ಅಮ್ಮ ಮೊಗ್ಗುಗಳನ್ನು ಉದ್ದ ನೋಡಿ ವಿಂಗಡಿಸಿ ಇಟ್ಟಳು, ಸೂಜಿಗೆ ದಾರ ಪೋಣಿಸಿದಳು, ಆಮೇಲೆ ಅಪ್ಪನ ಕಡೆ ನೋಡಿದಳು.

"ಶುರು ಮಾಡಿದ್ರೆ ನಿಲ್ಸಕ್ಕಾಗಲ್ಲ. ಕಾರು ಆಗುತ್ತಾ?"

"ಬಿಚ್ಚಿ ನೋಡದೆ ಹೇಗೆ ಹೇಳ್ಲಿ?"

ಅಮ್ಮ ಗೋಡೆಯ ಮೊಳೆ ನೋಡಿದಳು. "ನಾನು ಹೊಲೀತೀನಿ. ನೀವು ಹೋಗಿ ಬಿಚ್ಚಿ."

ಮೊದಲ ಮಹಡಿಯ ಕಿಟಕಿಯ ಪಕ್ಕ ಮಣೆ ಹಾಕಿ ನನ್ನನ್ನು ಕೂರಿಸಿದಳು. ತಲೆ ಅಲ್ಲಾಡಿಸುವಂತಿಲ್ಲ. ಕೆಳಗಿನ ಸದ್ದು ಮಾತ್ರ ಕೇಳುತ್ತಿತ್ತು. ಗ್ಲೋವ್ ಬಾಕ್ಸ್ ಕಳಚಿದ ಸದ್ದು. ಸ್ಕ್ರೂ ಡಬ್ಬಿಗೆ ಬಿದ್ದ ಸದ್ದು. ತಾಂಬೆ ಕಾಕಾ ಯಾವುದೋ ಪೈಪಿಗೆ ಬೈದದ್ದು. ನನ್ನ ಗೆಳತಿ ಕಿಟಕಿಯ ಕೆಳಗೆ ನಿಂತು ಒಂದೊಂದನ್ನೇ ಹಿಂದಿಯಲ್ಲಿ ಕೂಗಿ ಹೇಳುತ್ತಿದ್ದಳು. ಅಮ್ಮನ ಬೆರಳು ನೆತ್ತಿಯಿಂದ ಕತ್ತಿಗೆ, ಕತ್ತಿನಿಂದ ಬೆನ್ನಿಗೆ ಇಳಿಯುತ್ತ ಬಂತು.

ಹನ್ನೊಂದು ಗಂಟೆಗೆ ಅಪ್ಪ ಮೇಲೆ ಬಂದ. ಕೈಯಲ್ಲಿ ಲ್ಯಾಬಿನ ಉದ್ದ ಚಿಮುಟ. ಮುಖದಲ್ಲಿ ಮಸಿ.

"ಬಾಗಿಲ ಸಂದೀಲಿ ಏನೋ ಗುಂಡಗೆ ಸಿಕ್ಕೊಂಡಿದೆ. ಚಿಮುಟ ಜಾರ್ತಾ ಇದೆ. ನನ್ನ ಕೈ ಹೋಗ್ತಿಲ್ಲ, ತಾಂಬೆದಂತೂ ಹೋಗಲ್ಲ. ವೀಣಾನ ಕಳ್ಸು."

"ಅರ್ಧ ಜಡೆ ಕಣ್ರೀ. ಸೂಜಿ ಇನ್ನೂ ತಲೇಲೇ ಇದೆ."

"ಸೂಜಿ ಸಮೇತ ಕಳ್ಸು."

ನಾವು ಮೆಟ್ಟಿಲಿಳಿದ ರೀತಿಯನ್ನು ನೋಡಿದವರು ಬಹಳ ಕಾಲ ಮರೆಯಲಿಲ್ಲ. ಮುಂದೆ ನಾನು, ಕತ್ತು ನೆಟ್ಟಗೆ. ಹಿಂದೆ ಅಮ್ಮ, ಎರಡೂ ಅಂಗೈಯಲ್ಲಿ ನನ್ನ ಜಡೆಯನ್ನು ಆರತಿ ತಟ್ಟೆಯಂತೆ ಹಿಡಿದು, ದಾರದ ತುದಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು. ಪ್ರತಿ ಬಾಗಿಲಲ್ಲೂ ಜನ. ಕಾರಿನ ಮುಂದಿನ ಸೀಟಿನ ಬುಡದಲ್ಲಿ ಮಂಡಿಯೂರಿ, ಗ್ಲೋವ್ ಬಾಕ್ಸ್ ಇದ್ದ ತೂತಿನೊಳಗೆ ಮೊಣಕೈವರೆಗೆ ಕೈ ಹಾಕಿದೆ. ಅಮ್ಮ ಬಾಗಿಲ ಹೊರಗೆ ಬಗ್ಗಿ ಜಡೆ ಹಿಡಿದು ನಿಂತಳು. ಒಳಗೆ ಧೂಳು, ಒಣ ಎಲೆ, ತಗಡಿನ ಅಂಚು. ಅದರಾಚೆ ಉಗುರಿಗೆ ಏನೋ ತಾಗಿತು.

"ಸಿಕ್ತು."

"ಏನು?"

"ಗೋಲಿ ಥರ ಇದೆ. ಕಲ್ಲಲ್ಲ. ಸ್ವಲ್ಪ ಒರಟು."

"ಎಳೀಬೇಡ, ತಿರುಗ್ಸು," ಎಂದ ಅಪ್ಪ.

ತಿರುಗಿಸಿದೆ. ಒಂದು ಸಲ ಜಾರಿತು. ಇನ್ನೊಂದು ಸಲ ಬೆರಳ ತುದಿಗೆ ಬಂತು. ಎರಡು ಬೆರಳಲ್ಲಿ ಹಿಡಿದು ಹೊರತೆಗೆದು ಅಂಗೈ ಬಿಚ್ಚಿದೆ. ಧೂಳು ಮೆತ್ತಿದ ಗೋಟಡಿಕೆ. ಒಂದು ಬದಿಯಲ್ಲಿ ಅಂಟಿದ ಅರಿಸಿನ ಇನ್ನೂ ಕಾಣುತ್ತಿತ್ತು.

ಅಮ್ಮ ಹಲ್ಲಿನಿಂದ ದಾರ ಬಿಟ್ಟಳು. "ಇದು ನನ್ನ ಅಡಿಕೆ."

ಮುರಿದ ಜಾಲರಿಯ ಸಂದಿನಿಂದ ಅದು ಉರುಳಿ ಒಳಗೆ ಬಿದ್ದಿತ್ತು. ನಾನು ಕಡ್ಡಿಯನ್ನು ಅತ್ತಿತ್ತ ತಳ್ಳಿದಾಗ ಬಾಗಿಲಿಗೆ ಸಿಕ್ಕಿಕೊಂಡಿತ್ತು. ಅಡಿಕೆಯನ್ನು ಗಣಪತಿಯೆಂದು ಪೂಜಿಸುವುದು ಮರಾಠಿಯವರಲ್ಲೂ ಇದೆ. ತಾಂಬೆ ಕಾಕಾ ಕೈಮುಗಿದು, "ಬಾಪ್ಪಾ ಆತ್ ಬಸೂನ್ ಎಸಿ ಖಾತ್ ಹೋತೆ," ಎಂದರು. ದೇವರು ಏಳು ತಿಂಗಳು ಒಳಗೆ ಕೂತು ಎಸಿ ತಿನ್ನುತ್ತಿದ್ದರಂತೆ. ಕಾಂಪೌಂಡೆಲ್ಲ ನಕ್ಕಿತು. ಅಮ್ಮನ ನಗು ಎಷ್ಟು ಜೋರಾಗಿತ್ತೆಂದರೆ ನನ್ನ ಜಡೆ ಅಲ್ಲಾಡಿತು.

"ಕಿವಿ ಹಿಂಡಿದ್ದೆಯಲ್ಲ ನೀನು," ಎಂದೆ.

"ಕಡ್ಡಿ ತಳ್ಳಿದ್ದಕ್ಕೆ ಅಂದ್ಕೋ. ನಡಿ ಮೇಲೆ, ಇನ್ನೂ ಅರ್ಧ ಬಾಕಿ ಇದೆ."

ಅಪ್ಪ ಕಡ್ಡಿ ತಳ್ಳಿದ. ಅದು ನೀಲಿ ಚುಕ್ಕೆಯವರೆಗೆ ಹೋಗಿ ಮೆತ್ತಗೆ ನಿಂತಿತು. ಅಮ್ಮ ನನ್ನನ್ನು ಮೇಲೆ ಕರೆದುಕೊಂಡು ಹೋಗುವಾಗ ಕೆಳಗೆ ಇಂಜಿನ್ ಶುರುವಾಯಿತು. ಟಕ್. ನಾನು ಮಣೆಯ ಮೇಲೆ ಕೂರುವ ಹೊತ್ತಿಗೆ ಗೆಳತಿ ಕಿಟಕಿಯ ಕೆಳಗಿನಿಂದ ಕೂಗುತ್ತಿದ್ದಳು: "ಇಪ್ಪತ್ತೆಂಟು... ಇಪ್ಪತ್ತೆರಡು..." ಅಂಕಿಗಳನ್ನು ಮಾತ್ರ ಅವಳಿಗೆ ನಾನು ಕನ್ನಡದಲ್ಲಿ ಕಲಿಸಿದ್ದೆ. ಥರ್ಮಾಮೀಟರ್ ಹನ್ನೆರಡು ಡಿಗ್ರಿಗೆ ಬಂದು ನಿಂತಿತು.

ಎರಡೂವರೆಗೆ ಹೊರಟೆವು. ಬೆನ್ನು ಒರಗಿಸುವಂತಿರಲಿಲ್ಲ. ಹಿಂದಿನ ಸೀಟಿನ ಮೇಲೆ ಹಿಮ್ಮುಖವಾಗಿ ಮಂಡಿಯೂರಿ, ಸೀಟಿನ ಬೆನ್ನು ತಬ್ಬಿಕೊಂಡು ಕೂತೆ. ಜಡೆ ಮುಂದಿನ ಕಡೆಗೆ, ತಣ್ಣನೆ ಗಾಳಿಗೆ ಎದುರಾಗಿ. ನನಗೆ ಮುಂಬೈ ಹಿಂದಕ್ಕೆ ಓಡುವುದು ಮಾತ್ರ ಕಾಣುತ್ತಿತ್ತು. ಲೋಕಲ್ ಸಿಗದ ಜನ ಬಸ್ಸುಗಳ ಬಾಗಿಲಲ್ಲಿ ಜೋತಾಡುತ್ತಿದ್ದರು. ಸಾಯನ್ ಬಂತು, ಅದೇ ಜಾಗ. ಕಾರು ನಿಂತಿತು. ಐದು ನಿಮಿಷ, ಹತ್ತು, ಹದಿನೈದು. ಹಿಂದಿನ ಟ್ಯಾಕ್ಸಿಯಲ್ಲಿ ಕೂತಿದ್ದ ಹೆಂಗಸು ನನ್ನನ್ನೇ ನೋಡುತ್ತ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ನನ್ನ ಕತ್ತಿನ ಹಿಂಭಾಗದಲ್ಲಿ ರೋಮ ಎದ್ದಿತ್ತು.

"ಚಳಿ ಆಗ್ತಿದೆ," ಎಂದೆ.

"ಆಗ್ಲಿ," ಎಂದರು ಇಬ್ಬರೂ ಒಟ್ಟಿಗೆ.

ಸ್ಟುಡಿಯೋದ ಅಜೋಬಾ ನನ್ನನ್ನು ತಿರುಗಿಸಿ ನೋಡಿದರು. ನೇರ ಹೋಗಿ ಎಲ್ಲ ದೀಪ ಹಾಕಿದರು. ಜಡೆ ಸರಿಪಡಿಸಲೆಂದು ಮೊದಲು ನನ್ನನ್ನು ಕನ್ನಡಿಗೆ ಮುಖ ಮಾಡಿ ನಿಲ್ಲಿಸಿದರು. ಕನ್ನಡಿಯಲ್ಲಿ ಅಪ್ಪ ಕಂಡ. ನನ್ನ ಬೆನ್ನ ಹಿಂದೆ ನಿಂತು, ಕನ್ನಡಕ ಹಣೆಗೇರಿಸಿ, ಜಡೆಯ ಹತ್ತಿರ ಬಗ್ಗಿ ತುಟಿ ಅಲ್ಲಾಡಿಸುತ್ತಿದ್ದ. ದೇವರ ಹೆಸರು ಹೇಳುತ್ತಿದ್ದಾನೆ ಅಂದುಕೊಂಡೆ. ಆಮೇಲೆ ನನ್ನನ್ನು ಕ್ಯಾಮೆರಾದ ಕಡೆ ತಿರುಗಿಸಿದರು. ಅಮ್ಮ ಕ್ಯಾಮೆರಾದ ಪಕ್ಕದಲ್ಲಿ ನಿಂತು ಅಡಿಕೆಯನ್ನು ಎತ್ತಿ ತೋರಿಸಿದಳು. ನಗು ತಡೆದುಕೊಂಡೆ. ದೀಪ ಮಿಂಚಿತು.

ಗುರುವಾರ ರೈಲು ಹತ್ತಿದೆವು. ನಂಜನಗೂಡಿನಲ್ಲಿ ಹೊಳೆಯ ಹತ್ತಿರ ಕೂತು ಮುಡಿ ಕೊಟ್ಟೆ. ತಲೆಗೆ ಗಾಳಿ ತಾಗಿದಾಗ ಸಾಯನ್ನಿನಲ್ಲಿ ಕತ್ತಿಗೆ ತಾಗಿದ ಎಸಿ ಗಾಳಿ ನೆನಪಾಯಿತು. ವಾಪಸ್ ಬಂದಾಗ ಮುಂಬೈಯಲ್ಲಿ ಮಳೆ ಶುರುವಾಗಿತ್ತು, ಅಪ್ಪ ಸ್ಟುಡಿಯೋದಿಂದ ಫೋಟೋ ತಂದು ಎರಡನೆಯ ಮೊಳೆಗೆ ಹಾಕಿದ. ಪೂಜೆಯ ಅಡಿಕೆ ಎಸೆಯಬಾರದೆಂದು ಅಮ್ಮ ಅದನ್ನು ತೊಳೆದು ದೇವರ ಪೆಟ್ಟಿಗೆಯಲ್ಲಿ ಇಟ್ಟಳು.

ಕೂದಲು ಮತ್ತೆ ಹೆಗಲಿನಿಂದ ಕೆಳಗೆ ಬೆಳೆಯಲಿಲ್ಲ. ಬೆಳೆಯಲು ನಾನೂ ಬಿಡಲಿಲ್ಲ. ಆ ಕಾರು ಇನ್ನೂ ಆರು ವರ್ಷ ಓಡಿ, ಕುರ್ಲಾದ ಗುಜರಿಗೆ ಹೋಯಿತು. ಬಿಲ್ಡಿಂಗನ್ನು ಕೆಡವಿ ಇಪ್ಪತ್ತೆರಡು ಮಹಡಿಯ ಟವರ್ ಕಟ್ಟಿದ್ದಾರೆ. ಮನೆಗಳ ಬಾಗಿಲು ಮುಚ್ಚಿರುತ್ತವೆ, ಪ್ರತಿ ಕೋಣೆಗೂ ಎಸಿ ಇದೆ, ಮೆಟ್ಟಿಲ ಮೇಲೆ ಯಾವ ವಾಸನೆಯೂ ಇರುವುದಿಲ್ಲ. ತಾಂಬೆ ಕಾಕಾ ಊರಿಗೆ ಹೋದರು. ಈ ಬೇಸಿಗೆಯಲ್ಲಿ ನನ್ನ ಕಾರಿನ ಎಸಿ ಕೆಟ್ಟಿತ್ತು. ಗ್ಯಾರೇಜಿನವನು ಸ್ಟಿಯರಿಂಗಿನ ಕೆಳಗೆ ಒಂದು ವೈರು ಸಿಕ್ಕಿಸಿ, ಟ್ಯಾಬ್ಲೆಟ್ಟಿನಲ್ಲಿ ಬಂದ ಸಂಖ್ಯೆ ನೋಡಿ, ನಲವತ್ತು ನಿಮಿಷದಲ್ಲಿ ಸರಿ ಮಾಡಿದ. ಅಷ್ಟು ಹೊತ್ತು ನಾನು ಗಾಜಿನ ಕೋಣೆಯಲ್ಲಿ ಒಬ್ಬಳೇ ಕೂತು ಕಾಫಿ ಕುಡಿದೆ. ಸ್ಟುಡಿಯೋ ಇದ್ದಲ್ಲಿ ಫೋನಿನ ಕವರು ಮಾರುತ್ತಾರೆ. ಕನ್ನಡಿ ಏನಾಯಿತೆಂದು ಅಲ್ಲಿ ಯಾರಿಗೂ ಗೊತ್ತಿಲ್ಲ. ಅಮ್ಮನಿಗೆ ಈಗ ಸೂಜಿಗೆ ದಾರ ಪೋಣಿಸಲು ಆಗುವುದಿಲ್ಲ. ಅಪ್ಪ ಹೋಗಿ ಆರು ವರ್ಷವಾಯಿತು. ನೋಟ್‌ಬುಕ್ ಟವರಿಗೆ ಮನೆ ಸಾಗಿಸುವಾಗ ಕಳೆದುಹೋಯಿತು.

ಹೋದ ವಾರ ನನ್ನ ಮಗಳು ಫೋಟೋವನ್ನು ಸ್ಕ್ಯಾನ್ ಮಾಡಬೇಕೆಂದು ಫ್ರೇಮ್ ಬಿಚ್ಚಿದಳು. ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಅಪ್ಪನ ಅಕ್ಷರವಿತ್ತು. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನನ್ನ ಕೈಗೆ ಕೊಟ್ಟಳು. ಹೀಗೆ ಬರೆದಿದೆ: 'ಸ್ಟುಡಿಯೋ ತಲುಪಿದ್ದು 3.50. ಒಟ್ಟು ಮೊಗ್ಗು 312. ಅರಳಿದ್ದು 3. ನಾನೇ ಎಣಿಸಿದ್ದು.'